ಚಿತ್ರಗಳಲ್ಲಿರುವ ವೆನಿಸ್ ನೋಡಲು ಅಕಾಡೆಮಿಯಾ ಗ್ಯಾಲರಿ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ವೆನಿಸ್ಸಿನ ಅಕಾಡೆಮಿಯಾ ಗ್ಯಾಲರಿಯ ಟಿಕೆಟ್ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಬೇಕು. ಕ್ಯಾಲೆಂಡರುಗಳಲ್ಲೂ ಗ್ರೀಟಿಂಗ್ ಕಾರ್ಡುಗಳಲ್ಲೂ ನಾವು ಕಂಡಿರುವ ವೆನಿಸ್, ಅಂದರೆ ತಿಳಿನೀಲಿ ಆಕಾಶ, ಗೆರೆ ಎಳೆದಂಥ ಅರಮನೆಗಳ ಸಾಲು, ನೀರಿನ ಮೇಲೆ ಒಪ್ಪವಾದ ಅಲೆಗಳಿರುವ, ಹದಿನೆಂಟನೇ ಶತಮಾನದ ಚಿತ್ರಕಾರ ಕನಲೆಟ್ಟೊನ ವೆನಿಸ್, ಇಲ್ಲಿ ಇಲ್ಲ. ಆ ಚಿತ್ರಗಳನ್ನು ಬರೆಸಿಕೊಂಡವರು ಹೆಚ್ಚಾಗಿ ಇಂಗ್ಲಿಷ್ ಪ್ರವಾಸಿಗಳು. ಅವರು ಊರಿಗೆ ಮರಳುವಾಗ ಚಿತ್ರಗಳೂ ಜೊತೆಗೆ ಹೋದವು. ಇಲ್ಲಿ ಉಳಿದಿರುವುದು ಅದಕ್ಕಿಂತ ಇನ್ನೂರು ವರ್ಷಕ್ಕೂ ಹಳೆಯದಾದ, ವೆನಿಸ್ಸಿನವರೇ ತಮಗಾಗಿ ಬರೆಸಿಕೊಂಡ ವೆನಿಸ್. ಅದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಪ್ರಪಂಚದಲ್ಲಿ ಇನ್ನೊಂದಿಲ್ಲ.

ಈ ಕಾಲುವೆಗಳ ಊರನ್ನು ಶತಮಾನಗಳಿಂದ ಚಿತ್ರಕಾರರು ಬರೆಯುತ್ತಲೇ ಬಂದಿದ್ದಾರೆ. ಯಾರ ಚಿತ್ರ ನೋಡುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ದುಡ್ಡು ಕೊಟ್ಟವರು ಯಾರು? ಊರಿನ ಯಾವ ಮುಖ ಕಾಣಬೇಕು, ಯಾವ ಗೋಪುರ ಪಕ್ಕಕ್ಕೆ ಸರಿಯಬೇಕು ಎಂಬುದೆಲ್ಲ ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗಿರುತ್ತದೆ. ಈ ಪ್ರಶ್ನೆ ಇಟ್ಟುಕೊಂಡು ಹೋದವರಿಗೆ ಗ್ಯಾಲರಿ ತುಂಬ ಕೊಡುತ್ತದೆ.

ಗ್ಯಾಲರಿ ಇರುವುದು ದೊರ್ಸೊದುರೊ ಭಾಗದಲ್ಲಿ, ದೊಡ್ಡ ಕಾಲುವೆಯ ಮೇಲಿನ ಮರದ ಸೇತುವೆಯ ಬುಡದಲ್ಲೇ. ವಾಪೊರೆಟ್ಟೊ, ಅಂದರೆ ನೀರಿನ ಬಸ್ಸು, 1 ಮತ್ತು 2ನೇ ನಂಬರಿನವು ಎರಡೂ ‘ಅಕಾಡೆಮಿಯಾ’ ಎಂಬ ನಿಲ್ದಾಣದಲ್ಲಿ ನಿಲ್ಲುತ್ತವೆ. 1 ಎಲ್ಲ ಕಡೆ ನಿಂತು ನಿಂತು ಬರುತ್ತದೆ, 2 ಬೇಗ ಮುಟ್ಟಿಸುತ್ತದೆ. ರೈಲು ನಿಲ್ದಾಣದಿಂದ ನಡೆದರೂ ಸುಮಾರು ಅರ್ಧ ಗಂಟೆ ಸಾಕು. ದೊಡ್ಡವರ ಟಿಕೆಟ್ 15 ಯೂರೋ ಅಥವಾ ಅದಕ್ಕಿಂತ ತುಸು ಹೆಚ್ಚು, ವಿಶೇಷ ಪ್ರದರ್ಶನ ನಡೆಯುವಾಗ ಇನ್ನೂ ಏರಬಹುದು. ಇದು ಇಟಲಿ ಸರ್ಕಾರದ ಸಂಗ್ರಹಾಲಯ. ಹಾಗಾಗಿ 18 ತುಂಬದ ಮಕ್ಕಳಿಗೆ, ಯಾವ ದೇಶದವರಾದರೂ, ಟಿಕೆಟ್ ಇಲ್ಲ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ಆದರೆ ಆ ಭಾನುವಾರ ಚಿತ್ರ ನೋಡುವ ಆಸೆಯಿದ್ದವರು ಹೋಗಬಾರದು. ಏಳು ಮೀಟರ್ ಅಗಲದ ಚಿತ್ರದ ಮುಂದೆ ಜನ ಸಾಲಾಗಿ ನಿಂತರೆ ಕೆಳಗಿನ ಅರ್ಧ ಕಾಣಿಸುವುದೇ ಇಲ್ಲ, ಮತ್ತು ಈ ಚಿತ್ರಗಳ ಜೀವ ಇರುವುದು ಕೆಳಗಿನ ಅರ್ಧದಲ್ಲೇ. ಸೋಮವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುವ ಪದ್ಧತಿ ಇದೆ, ವೇಳೆ ನೋಡಿಕೊಂಡು ಹೊರಡಿ. ದೊಡ್ಡ ಚೀಲ, ಬೆನ್ನುಚೀಲಗಳನ್ನು ಕೆಳಗೇ ಇಟ್ಟು ಹೋಗಬೇಕು. ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಬಹುದು.

ಒಂದು ಚಿಕ್ಕ ದುರ್ಬೀನು, ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು, ಜೇಬಿನಲ್ಲಿದ್ದರೆ ತುಂಬ ಅನುಕೂಲ. ಇಲ್ಲಿನ ಚಿತ್ರಗಳ ಮೇಲ್ಭಾಗ ತಲೆಗಿಂತ ಬಹಳ ಮೇಲಿರುತ್ತದೆ. ಕಿಟಕಿಯಲ್ಲಿ ನಿಂತ ಹೆಂಗಸರು, ಚಾವಣಿಯ ಚಿಮಣಿಗಳು, ದೇವಾಲಯದ ಮುಖದ ಮೊಸಾಯಿಕ್ ಎಲ್ಲ ಅಲ್ಲೇ ಇವೆ.

ಕಟ್ಟಡದ ಬಗ್ಗೆ ಎರಡೇ ಮಾತು. ಇದು ಮೊದಲು ಸಾಂತಾ ಮರಿಯಾ ದೆಲ್ಲಾ ಕರಿತಾ ಎಂಬ ಚರ್ಚು, ಅದರ ಪಕ್ಕದ ಮಠ, ಮತ್ತು ಅದೇ ಹೆಸರಿನ ಒಂದು ‘ಸ್ಕೂಓಲಾ’, ಅಂದರೆ ಗೃಹಸ್ಥರೇ ಸೇರಿ ನಡೆಸುತ್ತಿದ್ದ ಭಕ್ತಸಂಘ. 1750ರಲ್ಲಿ ಶುರುವಾದ ಚಿತ್ರಕಲಾ ಅಕಾಡೆಮಿಯನ್ನು ನೆಪೋಲಿಯನ್ ಆಳ್ವಿಕೆಯಲ್ಲಿ, 1807ರಲ್ಲಿ, ಇಲ್ಲಿಗೆ ತಂದರು. ಆಗ ಮುಚ್ಚಿಸಿದ ಚರ್ಚುಗಳ, ಸಂಘಗಳ ಗೋಡೆಗಳಿಂದ ಇಳಿಸಿದ ಚಿತ್ರಗಳೇ ಈ ಸಂಗ್ರಹದ ಬುನಾದಿ. 1817ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆದ್ದರಿಂದ ಇಲ್ಲಿ ನೋಡುವ ಬಹುತೇಕ ಎಲ್ಲವೂ ಬೇರೆ ಯಾವುದೋ ಕೋಣೆಗೆ ಅಳತೆ ಕೊಟ್ಟು ಬರೆಸಿದ್ದು. ಬರೆದ ಜಾಗದಲ್ಲೇ ಇಂದಿಗೂ ಇರುವ ದೊಡ್ಡ ಚಿತ್ರವೆಂದರೆ 24ನೇ ಕೋಣೆಯಲ್ಲಿರುವ ಟಿಷಿಯನ್ನನ ‘ದೇವಾಲಯದಲ್ಲಿ ಕನ್ಯೆ ಮೇರಿ’. ಅದು ನಮ್ಮ ವಿಷಯದ ಹೊರಗಿನದು, ಆದರೂ ನೋಡದೆ ಬರಬೇಡಿ.

ಮಹಡಿ ಹತ್ತಿದ ಮೇಲೆ ಬಹಳ ಜನ ಜೊರ್ಜೊನೆಯ ‘ಬಿರುಗಾಳಿ’ಯ ಮುಂದೆ, ವೆರೊನೇಸೆಯ ಬೃಹತ್ ಔತಣದ ಮುಂದೆ ನಿಂತುಬಿಡುತ್ತಾರೆ. ವೆನಿಸ್ ಊರನ್ನು ನೋಡಲು ಬಂದವರು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಹೊಕ್ಕು, ಮಧ್ಯದ ಕೋಣೆಗಳನ್ನು ಆಮೇಲೆ ನೋಡೋಣ ಎಂದು ದಾಟಿ, ನೇರ 20ನೇ ಕೋಣೆಗೆ ನಡೆಯುವುದು ಮೇಲು.

ಆ ಕೋಣೆಯಲ್ಲಿರುವುದು ಸಾನ್ ಜೊವಾನ್ನಿ ಎವಾಂಜೆಲಿಸ್ತಾ ಸಂಘ ಬರೆಸಿದ ಚಿತ್ರಮಾಲೆ. ಏಸುವನ್ನು ಏರಿಸಿದ ಶಿಲುಬೆಯದೆಂದು ನಂಬಲಾದ ಒಂದು ಮರದ ತುಣುಕು 1369ರಲ್ಲಿ ಆ ಸಂಘಕ್ಕೆ ದಾನವಾಗಿ ಬಂತು. ಅದು ಊರಿನಲ್ಲಿ ನಡೆಸಿದ ಪವಾಡಗಳನ್ನು ಗೋಡೆ ತುಂಬ ಬರೆಸಬೇಕೆಂದು ಸಂಘದವರು ಹಲವು ಚಿತ್ರಕಾರರನ್ನು ಹಚ್ಚಿದರು. ಎಂಟು ಚಿತ್ರಗಳು ಉಳಿದಿವೆ. ಪೆರುಜೀನೊ ಬರೆದದ್ದು ಕಳೆದುಹೋಗಿದೆ. ಇವೆಲ್ಲ ಕ್ಯಾನ್ವಾಸಿನ ಮೇಲಿನ ಚಿತ್ರಗಳು. ಫ್ಲಾರೆನ್ಸಿನವರಂತೆ ಹಸಿ ಗಾರೆಯ ಮೇಲೆ ಬರೆಯಲು ಇಲ್ಲಿನ ಹವೆ ಬಿಡುತ್ತಿರಲಿಲ್ಲ. ಗೋಡೆಗೆ ಉಪ್ಪುನೀರು ಏರುತ್ತದೆ, ಗಾರೆ ಉದುರುತ್ತದೆ, ಬಣ್ಣ ಅದರ ಜೊತೆಗೇ ಹೋಗುತ್ತದೆ. ಹಡಗಿನ ಹಾಯಿಬಟ್ಟೆಗೆ ಮಾತ್ರ ಊರಿನಲ್ಲಿ ಬರವಿರಲಿಲ್ಲ.

ಪವಾಡಕ್ಕೆ ಸಾಕ್ಷಿ ಬೇಕು, ಸಾಕ್ಷಿ ನಂಬಿಕೆಗೆ ಅರ್ಹವಾಗಬೇಕಾದರೆ ಜಾಗ ನಿಜವಾಗಿರಬೇಕು. ಅದಕ್ಕೇ ಈ ಚಿತ್ರಕಾರರು ಪ್ರತಿ ಕಿಟಕಿ, ಪ್ರತಿ ಮೆಟ್ಟಿಲು ನೋಡಿ ಬರೆದರು. ದುಡ್ಡು ಕೊಟ್ಟ ಸಂಘದ ಸದಸ್ಯರ ಮುಖಗಳನ್ನೂ ಬರೆದರು. ಇದರ ಫಲ ನಮಗೆ ಸಿಕ್ಕಿದೆ: 1490ರ ದಶಕದ ವೆನಿಸ್ಸಿನ ಇಷ್ಟು ಸವಿವರವಾದ ದಾಖಲೆ ಬೇರೆ ಯಾವ ಕೋಣೆಯಲ್ಲೂ ಇಲ್ಲ.

ಮೊದಲು ನಿಲ್ಲಬೇಕಾದ್ದು ಜೆಂಟೀಲೆ ಬೆಲ್ಲೀನಿ 1496ರಲ್ಲಿ ಬರೆದ ಸಾನ್ ಮಾರ್ಕೊ ಚೌಕದ ಮೆರವಣಿಗೆಯ ಮುಂದೆ. ಅಗಲ ಏಳು ಮೀಟರಿಗೂ ಮಿಕ್ಕಿದ್ದು. ಒಂದೇ ನೋಟಕ್ಕೆ ಹಿಡಿಸದು. ಎಡತುದಿಯಿಂದ ನಿಧಾನವಾಗಿ ಬಲಕ್ಕೆ ನಡೆಯಿರಿ. ನಮ್ಮಲ್ಲಿ ಉತ್ಸವಮೂರ್ತಿ ಹೊರಡುವ ಹಾಗೆ ಇಲ್ಲಿ ಶಿಲುಬೆಯ ತುಣುಕಿನ ಚಿನ್ನದ ಕರಂಡ ಮೇಲುಕಟ್ಟಿನ ಕೆಳಗೆ ಹೊರಟಿದೆ, ಬಿಳಿ ನಿಲುವಂಗಿ ತೊಟ್ಟ ಸಂಘದವರು ಹೊತ್ತಿದ್ದಾರೆ, ಎಡಗಡೆ ಹಾಡುವವರು, ವಾದ್ಯದವರು. ಮೇಲುಕಟ್ಟಿನ ಹಿಂದೆ ಸ್ವಲ್ಪ ಬಲಕ್ಕೆ, ಕೆಂಪು ಬಟ್ಟೆಯಲ್ಲಿ ಮೊಣಕಾಲೂರಿರುವವನೇ ಬ್ರೆಶಾ ಊರಿನ ವರ್ತಕ ಯಾಕೊಪೊ ದೆ ಸಾಲಿಸ್. ತಲೆಬುರುಡೆ ಒಡೆದ ಮಗ ಉಳಿಯಲೆಂದು 1444ರ ಏಪ್ರಿಲ್ 25ರಂದು, ಸಂತ ಮಾರ್ಕನ ಹಬ್ಬದ ದಿನ, ಪ್ರಾರ್ಥಿಸಿದನೆಂದೂ ಮಗ ಗುಣವಾದನೆಂದೂ ಕಥೆ. ಗುಂಪಿನಲ್ಲಿ ಅವನನ್ನು ಹುಡುಕುವುದೇ ಕಷ್ಟ, ಮತ್ತು ಬೆಲ್ಲೀನಿ ಬೇಕೆಂದೇ ಹಾಗೆ ಇಟ್ಟಿದ್ದಾನೆ. ಊರಿನ ನಡುವೆ ದಿನನಿತ್ಯದ ಹಾಗೆ ನಡೆದದ್ದು ಎಂದು ಕಂಡಾಗಲೇ ಪವಾಡಕ್ಕೆ ಬಲ.

ಆಮೇಲೆ ಕಟ್ಟಡಗಳನ್ನು ಓದಿ. ನೆಲದಲ್ಲಿ ಇಟ್ಟಿಗೆ ಹಾಸಿದೆ. ಇಂದಿನ ಬೂದು ಕಲ್ಲು, ಬಿಳಿ ಪಟ್ಟಿಯ ನೆಲಗಟ್ಟು ಶುರುವಾದದ್ದು 1723ರಲ್ಲಿ. ಎಡಬದಿಯಲ್ಲಿ ಈಗಿರುವ ಗಡಿಯಾರ ಗೋಪುರ ಇಲ್ಲ, ಅದರ ಕೆಲಸ ಈ ಚಿತ್ರ ಮುಗಿದ ವರ್ಷವೇ ಆರಂಭವಾಯಿತು. ದೇವಾಲಯದ ಮುಖದ ಮೇಲಿನ ಮೊಸಾಯಿಕ್‌ಗಳನ್ನು ದುರ್ಬೀನಿನಲ್ಲಿ ನೋಡಿ: ಬೆಲ್ಲೀನಿ ಒಂದೊಂದನ್ನೂ ನಕಲು ಮಾಡಿದ್ದಾನೆ. ಅವುಗಳಲ್ಲಿ ತೀರ ಎಡಗಡೆಯ ಬಾಗಿಲಿನ ಮೇಲಿನದೊಂದೇ ಇಂದಿಗೂ ಉಳಿದಿದೆ, ಮಿಕ್ಕವನ್ನು ಮುಂದಿನ ಶತಮಾನಗಳಲ್ಲಿ ತೆಗೆದು ಹೊಸದು ಹಾಕಿದರು. ಹಳೆಯ ಮೊಸಾಯಿಕ್ ಹೇಗಿತ್ತು ಎಂದು ತಿಳಿಯಬೇಕಾದ ಇತಿಹಾಸಕಾರರು ಬರುವುದು ಈ ಚಿತ್ರದ ಹತ್ತಿರಕ್ಕೇ.

ಇಷ್ಟು ನಿಖರವಾದವನೂ ಒಂದು ದೊಡ್ಡ ವಸ್ತುವನ್ನು ಸರಿಸಿದ್ದಾನೆ. ಘಂಟಾಗೋಪುರ ಇರಬೇಕಾದ ಜಾಗಕ್ಕಿಂತ ಬಲಕ್ಕಿದೆ. ಚೌಕದಲ್ಲಿ ನಿಂತು ನೋಡಿದರೆ ಆ ಗೋಪುರ ಡೋಜನ, ಅಂದರೆ ವೆನಿಸ್ ಗಣರಾಜ್ಯದ ಮುಖ್ಯಸ್ಥನ, ಅರಮನೆಯ ಬಾಗಿಲನ್ನು ಮರೆಮಾಡುತ್ತದೆ. ಡೋಜ್ ಮತ್ತು ಅವನ ಪರಿವಾರ ಆ ಕಡೆಯಿಂದ ಮೆರವಣಿಗೆಗೆ ಬರಬೇಕಿತ್ತು, ಹಾಗಾಗಿ ಬಾಗಿಲು ಕಾಣಬೇಕಿತ್ತು, ಗೋಪುರ ಸರಿಯಿತು. ಗ್ಯಾಲರಿಯಿಂದ ಚೌಕಕ್ಕೆ ನಡೆಯಲು ಕಾಲು ಗಂಟೆ. ಚಿತ್ರದ ಫೋಟೋ ಫೋನಿನಲ್ಲಿಟ್ಟುಕೊಂಡು ಹೋಗಿ, ಚೌಕದ ಪಶ್ಚಿಮದ ತುದಿಯಲ್ಲಿ ನಿಂತು ಹೋಲಿಸಿ ನೋಡಿ. ಈ ಟಿಕೆಟ್ಟಿನಲ್ಲಿ ಸಿಗುವ ಅತ್ಯುತ್ತಮ ಪಾಠ ಅದೇ.

ಕರ್ಪಾಚೊ ಬರೆದ ರಿಯಾಲ್ತೊ ಸೇತುವೆಯ ಪವಾಡ ಇದೇ ಕೋಣೆಯಲ್ಲಿದೆ, ಮತ್ತು ಇಡೀ ಗ್ಯಾಲರಿಯಲ್ಲಿ ಒಂದೇ ಒಂದು ಚಿತ್ರಕ್ಕೆ ಸಮಯವಿದೆ ಎನ್ನುವವರಿಗೆ ತೋರಿಸಬೇಕಾದ್ದು ಇದನ್ನೇ. ಭೂತ ಹಿಡಿದವನನ್ನು ಗ್ರಾದೊದ ಧರ್ಮಾಧ್ಯಕ್ಷ ಗುಣಪಡಿಸುತ್ತಿರುವುದು ಎಡಗಡೆ ಮೇಲಿನ ಮೊಗಸಾಲೆಯಲ್ಲಿ. ಮಿಕ್ಕ ಮುಕ್ಕಾಲು ಭಾಗ ಪೂರ್ತಿ ಕಾಲುವೆ. ರಿಯಾಲ್ತೊ ಸೇತುವೆ ಆಗಿನ್ನೂ ಮರದ್ದು. ನಡುವಿನ ತುಂಡನ್ನು ಮೇಲಕ್ಕೆತ್ತುವ ಏರ್ಪಾಡು ಕಾಣುತ್ತದೆ, ಕೂವೆಕಂಬದ ಹಡಗುಗಳು ದಾಟಲಿ ಎಂದು. ಇಂದಿನ ಕಲ್ಲಿನ ಸೇತುವೆ ಕಟ್ಟಿದ್ದು 1588ರಿಂದ 1591ರವರೆಗೆ. ಸೇತುವೆಯಾಚೆ ಬಲಕ್ಕೆ ಕಾಣುವ ಜರ್ಮನ್ ವರ್ತಕರ ಮಳಿಗೆ 1505ರಲ್ಲಿ ಸುಟ್ಟುಹೋಗುವುದಕ್ಕೆ ಮುಂಚಿನದು. ಬಾಯಿ ಅಗಲವಾದ ಗಂಟೆಯಾಕಾರದ ಚಿಮಣಿಗಳನ್ನು ಗಮನಿಸಿ. ಒತ್ತಾಗಿ ಕಟ್ಟಿದ ಊರಿನಲ್ಲಿ ಕಿಡಿ ಹಾರಿ ಬೆಂಕಿ ಹತ್ತದಿರಲೆಂದು ಆ ಆಕಾರ. ಮುಂದೆ ದೋಣಿ ನಡೆಸುತ್ತಿರುವ ಆಫ್ರಿಕನ್ ಮೂಲದ ಗೊಂಡೋಲಾದವನು, ದೋಣಿಯಲ್ಲಿ ಕೂತ ಬಿಳಿ ನಾಯಿ, ಒಣಹಾಕಿದ ಬಟ್ಟೆ ಎಲ್ಲ ಇಲ್ಲಿ ಸಿಗುತ್ತವೆ. ಗೊಂಡೋಲಾಗಳಿಗೆ ಕಪ್ಪು ಬಣ್ಣ ಕಡ್ಡಾಯವಾದದ್ದು ಆಡಂಬರ ತಡೆಯುವ ಕಾನೂನುಗಳಿಂದ, ಹದಿನಾರನೇ ಶತಮಾನದಲ್ಲಿ. ಇವು ಅದಕ್ಕಿಂತ ಹಳೆಯವು.

ಇಲ್ಲಿ ಜನ ತಪ್ಪುವುದು ಪವಾಡವನ್ನು ಹುಡುಕಿ, ಸಿಕ್ಕಿದ ಕೂಡಲೇ ಮುಂದೆ ಹೋಗಿಬಿಡುವುದರಲ್ಲಿ. ನೀರಿನ ಅಂಚಿನಿಂದ ಶುರುಮಾಡಿ ದೋಣಿ, ದಂಡೆ, ಕಿಟಕಿ, ಚಾವಣಿ ಎಂದು ಕೆಳಗಿನಿಂದ ಮೇಲಕ್ಕೆ ನೋಡಿದರೆ ಕರ್ಪಾಚೊ ಕಟ್ಟಿದ ಕ್ರಮ ತಾನಾಗಿ ತೆರೆದುಕೊಳ್ಳುತ್ತದೆ. ವಾರ್ನಿಷ್ ಹೊಳೆದು ಕಣ್ಣಿಗೆ ಹೊಡೆದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಎದುರಾಎದುರು ನಿಲ್ಲುವ ಹಟ ಬೇಡ.

ಬೆಲ್ಲೀನಿಯದೇ ಇನ್ನೊಂದು, 1500ರ ಸಾನ್ ಲೊರೆಂಜೊ ಸೇತುವೆಯ ಪವಾಡ. ಕಾಲುವೆಗೆ ಬಿದ್ದ ಶಿಲುಬೆ ಸಂಘದ ಮುಖ್ಯಸ್ಥ ಆಂದ್ರೆಯಾ ವೆಂದ್ರಮಿನ್ನನ ಕೈಗೆ ಮಾತ್ರ ಸಿಗುತ್ತದೆ. ಎಡದಂಡೆಯ ಸಾಲಿನಲ್ಲಿ ಸೈಪ್ರಸ್ಸಿನ ರಾಣಿಯಾಗಿದ್ದ ಕತೆರೀನಾ ಕೊರ್ನಾರೊ ನಿಂತಿದ್ದಾಳೆ. ನೀರಿನ ಹಸಿರು ಇಲ್ಲಿ ಬಹಳ ಸತ್ಯ. ಪಕ್ಕದ ಮನ್ಸ್ವೆತಿಯ ಚಿತ್ರಗಳು ಅಷ್ಟು ಗಟ್ಟಿಯಲ್ಲ, ಆದರೂ ಒಳಾಂಗಣ ಮತ್ತು ಉಡುಪಿಗೆ ಅವನನ್ನೂ ನೋಡಬೇಕು. 21ನೇ ಕೋಣೆಯ ಸಂತ ಉರ್ಸುಲಾ ಚಿತ್ರಮಾಲೆ ಕರ್ಪಾಚೊನದೇ. ಆ ಸಂತಳ ಕಥೆ ನಡೆಯುವ ಬ್ರಿಟನ್ನಿನಲ್ಲೂ ಫ್ರಾನ್ಸಿನ ಬ್ರಿಟನಿಯಲ್ಲೂ ವೆನಿಸ್ಸಿನದೇ ಬೆಳಕು, ವೆನಿಸ್ಸಿನದೇ ಸೇತುವೆಗಳು.

ಇನ್ನು ಹದಿನೆಂಟನೇ ಶತಮಾನ. ಸಣ್ಣ ನಗರದೃಶ್ಯಗಳನ್ನು ಇಟ್ಟಿರುವ ಕೋಣೆ ಬದಲಾಗಿರಬಹುದು, ಟಿಕೆಟ್ ಕೌಂಟರಿನಲ್ಲೇ ಗ್ವಾರ್ದಿ, ಬೆಲ್ಲೊತ್ತೊ, ಕನಲೆಟ್ಟೊ ಎಂದು ಹೆಸರು ಹೇಳಿ ಕೇಳಿಕೊಳ್ಳಿ. ಕನಲೆಟ್ಟೊನ ಹೆಸರಿನಲ್ಲಿ ಸಿಗುವ ಮುಖ್ಯ ಚಿತ್ರ 1765ರ ಕಂಬಸಾಲಿನ ಅಂಗಳ, ಕಲ್ಪನೆಯ ಕಟ್ಟಡ. ಬದುಕಿಡೀ ಊರನ್ನು ಬರೆದವನನ್ನು ಅಕಾಡೆಮಿ ಸದಸ್ಯನನ್ನಾಗಿ ಮಾಡಿಕೊಂಡದ್ದು 1763ರಲ್ಲಿ, ಅವನಿಗೆ 65 ದಾಟಿದ ಮೇಲೆ. ಕಣ್ಣಿಗೆ ಕಂಡ ಊರನ್ನು ಬರೆಯುವುದು ಕೀಳುದರ್ಜೆಯ ಕೆಲಸವೆಂದು ಆಗಿನ ವಿದ್ವಾಂಸರ ಎಣಿಕೆ. ಹಾಗಾಗಿ ಸದಸ್ಯತ್ವದ ಕಾಣಿಕೆಯಾಗಿ ಅವನು ಕೊಟ್ಟದ್ದು ಪರ್ಸ್‌ಪೆಕ್ಟಿವ್ ವಿದ್ಯೆ ಮೆರೆಯುವ ಈ ಚಿತ್ರ. ಅವನ ರೇಖಾಚಿತ್ರಗಳ ಪುಸ್ತಕವೂ ಗ್ಯಾಲರಿಯಲ್ಲೇ ಇದೆ: ಕಾಲುವೆಯ ದಂಡೆಯನ್ನು ಪುಟದಿಂದ ಪುಟಕ್ಕೆ ತುಂಡುತುಂಡಾಗಿ ಬರೆದುಕೊಂಡು, ಬಣ್ಣಗಳಿಗೆ ಮೊದಲಕ್ಷರ ಗುರುತು ಹಾಕಿದ್ದಾನೆ. ಕಾಗದ ಬೆಳಕಿಗೆ ಕೆಡುವುದರಿಂದ ಅದನ್ನು ಸದಾ ತೆರೆದಿಡುವುದಿಲ್ಲ. ಅದಕ್ಕಾಗಿಯೇ ಹೋಗುವುದಾದರೆ ಪ್ರದರ್ಶನ ಇದೆಯೇ ಎಂದು ಮೊದಲೇ ವಿಚಾರಿಸಿ.

ಗ್ವಾರ್ದಿಯ ‘ಸಾನ್ ಮರ್ಕ್ವೋಲಾದ ಬೆಂಕಿ’ ಚಿಕ್ಕದು. 1789ರ ನವೆಂಬರಿನಲ್ಲಿ ಎಣ್ಣೆಯ ಉಗ್ರಾಣಕ್ಕೆ ಬೆಂಕಿ ಬಿದ್ದು, ಎಣ್ಣೆ ಕಾಲುವೆಗೆ ಹರಿದು ನೀರಿನ ಮೇಲೇ ಉರಿಯಿತು. ನಮಗೆ ಬೆನ್ನು ಮಾಡಿ ನಿಂತ ಜನರ ಸಾಲು ಪುಟ್ಟ ಪುಟ್ಟ ಕುಂಚದ ಗೀರುಗಳಷ್ಟೇ. ಹತ್ತಿರ ಹೋದರೆ ಮನುಷ್ಯರೇ ಇಲ್ಲ, ಹಿಂದೆ ಸರಿದರೆ ನೂರಾರು ಜನ. ಕನಲೆಟ್ಟೊ ಅಳತೆಪಟ್ಟಿ ಹಿಡಿದು, ಬಣ್ಣದಲ್ಲೇ ಗೀಚಿ ಗೆರೆ ಎಳೆದು ಕಟ್ಟಡ ನಿಲ್ಲಿಸಿದರೆ, ಗ್ವಾರ್ದಿಯ ಗೆರೆ ನಡುಗುತ್ತದೆ, ತಳದ ಬಣ್ಣ ನಡುನಡುವೆ ಇಣುಕುತ್ತದೆ. ಇಬ್ಬರನ್ನೂ ಗುರುತಿಸುವ ಸುಲಭ ದಾರಿ ನೀರು. ಕನಲೆಟ್ಟೊನ ನಂತರದ ಚಿತ್ರಗಳಲ್ಲಿ ಅಲೆಗಳು ಒಂದೇ ಅಳತೆಯ ಬಿಳಿ ಕೊಂಕುಗೆರೆಗಳು; ಗ್ವಾರ್ದಿಯ ನೀರು ಆಕಾಶದ ಬಣ್ಣಕ್ಕೇ ಕರಗಿಹೋಗುತ್ತದೆ.

ಕನಲೆಟ್ಟೊನ ನಗರದೃಶ್ಯಗಳ ಕೊರತೆಯನ್ನು ತುಂಬಿಕೊಳ್ಳಲು ಹತ್ತು ನಿಮಿಷದ ನಡಿಗೆಯ ಕಾ ರೆಜ್ಜೋನಿಕೊಗೆ ಹೋಗಲೇಬೇಕು. ಅದು ನಗರದ ವಸ್ತುಸಂಗ್ರಹಾಲಯ, ಟಿಕೆಟ್ ಬೇರೆ, ಮಂಗಳವಾರ ರಜೆ. ವೆನಿಸ್ ನಗರ 1983ರಲ್ಲಿ ಕೊಂಡುಕೊಂಡ ಕನಲೆಟ್ಟೊನ ಎರಡು ಆರಂಭದ ಚಿತ್ರಗಳು ಅಲ್ಲಿವೆ, ಎರಡೂ 1723ರ ಆಸುಪಾಸಿನವು. ‘ರಿಯೊ ದೆಯಿ ಮೆಂದಿಕಾಂತಿ’ಯಲ್ಲಿ ದೋಣಿ ಕಟ್ಟುವ ಅಂಗಳ, ತೂಗುಹಾಕಿದ ಬಟ್ಟೆ, ಬಡವರ ದಂಡೆ ಇವೆ. ಬಣ್ಣ ಗಾಢ, ನೆರಳು ಭಾರ, ಏಕೆಂದರೆ ಆಗ ಅವನು ಕೆಂಪು ಕಂದು ತಳಬಣ್ಣದ ಮೇಲೆ ಬರೆಯುತ್ತಿದ್ದ. ಪ್ರವಾಸಿಗಳು ಗಿರಾಕಿಗಳಾದ ಮೇಲೆ ತಳಬಣ್ಣ ತಿಳಿಯಾಯಿತು, ಬಿಸಿಲು ಬಂತು, ಬಡವರ ದಂಡೆ ಹೋಗಿ ಹಬ್ಬಗಳು ಬಂದವು. ದುಡ್ಡು ಕೊಟ್ಟವರು ಮನೆಗೊಯ್ಯಬೇಕಾದದ್ದು ತಾವು ಕಂಡು ಮೆಚ್ಚಿದ ವೆನಿಸ್. ನಮ್ಮ ಎಣಿಕೆಯಲ್ಲಿ ಹಳೆಯ, ಗಾಢ ಕನಲೆಟ್ಟೊನೇ ದೊಡ್ಡ ಚಿತ್ರಕಾರ.

ಇದೇ ಕಾಲುವೆಯನ್ನು ಅವನ ಸೋದರಳಿಯ ಬೆಲ್ಲೊತ್ತೊ ಬರೆದ ಚಿತ್ರ ಅಕಾಡೆಮಿಯಾದಲ್ಲಿದೆ. ಎರಡನ್ನೂ ಒಂದೇ ದಿನ ನೋಡಿದರೆ ಅವನ ತಣ್ಣನೆಯ, ಬೆಳ್ಳಿಬಣ್ಣದ ಬೆಳಕು ಬೇರೆಯಾಗಿ ಕಾಣುತ್ತದೆ. ಇಬ್ಬರಲ್ಲೂ ಗೋಡೆಯ ಬುಡದ ಪಾಚಿಪಟ್ಟಿಯನ್ನು ಹುಡುಕಿ. ದಿನದ ಭರತ ಮುಟ್ಟುವ ಎತ್ತರದವರೆಗೆ ಪಾಚಿ ಬೆಳೆಯುತ್ತದೆ, ಇಬ್ಬರೂ ಅದನ್ನು ನಿಖರವಾಗಿ ಬರೆದಿದ್ದಾರೆ. ವಿಜ್ಞಾನಿ ದಾರಿಯೊ ಕಮುಫ್ಫೊ ಮತ್ತು ಸಂಗಡಿಗರು ಚಿತ್ರಗಳಲ್ಲಿನ ಆ ಪಟ್ಟಿಯನ್ನು ಇಂದಿನ ಗೋಡೆಗಳ ಪಟ್ಟಿಯೊಂದಿಗೆ ಹೋಲಿಸಿ, ಅಂದಿನಿಂದ ನೀರು ಸುಮಾರು 60 ಸೆಂಟಿಮೀಟರ್ ಮೇಲೇರಿದೆ ಎಂದು ಲೆಕ್ಕ ಹಾಕಿದರು. ನೆಲ ಕುಸಿದದ್ದು, ಸಮುದ್ರ ಏರಿದ್ದು ಎರಡೂ ಅದರಲ್ಲಿ ಸೇರಿವೆ. ಕಾಲುವೆಗಿಳಿಯುವ ಮೆಟ್ಟಿಲುಗಳನ್ನು ಚಿತ್ರದಲ್ಲಿ ಎಣಿಸಿ, ಹೊರಗೆ ಬಂದು ಎಣಿಸಿದರೆ ವ್ಯತ್ಯಾಸ ಬರಿಗಣ್ಣಿಗೇ ತಿಳಿಯುತ್ತದೆ.

ಕಾ ರೆಜ್ಜೋನಿಕೊದ ಇನ್ನೊಂದು ಚಿತ್ರ ಕಾ ಬಾಲ್ಬಿಯಿಂದ ರಿಯಾಲ್ತೊ ಕಡೆಗಿನ ದೊಡ್ಡ ಕಾಲುವೆ. 1ನೇ ನಂಬರಿನ ವಾಪೊರೆಟ್ಟೊ ಹತ್ತಿ ಮುಂದಿನ ತಿರುವಿಗೆ ಬಂದಾಗ ಫೋನ್ ಎತ್ತಿ ಹಿಡಿದು ನೋಡಿ. ಅವನು ತೋರಿಸಿದಷ್ಟು ದಂಡೆ ಒಂದು ಚೌಕಟ್ಟಿಗೆ ಸೇರುವುದಿಲ್ಲ. ಎರಡು ಮೂರು ಜಾಗಗಳಿಂದ ಕಂಡದ್ದನ್ನು ಹೊಂದಿಸಿ ಒಂದೇ ನೋಟ ಮಾಡುವುದು ಅವನ ರೂಢಿ. ಕತ್ತಲೆಪೆಟ್ಟಿಗೆಯಲ್ಲಿ ಬಿಂಬ ಮೂಡಿಸಿ ಹಾಗೇ ತಿದ್ದಿದ ಎಂಬ ಹಳೆಯ ಮಾತು ಇದರ ಮುಂದೆ ನಿಲ್ಲದು.

ಇಂಗ್ಲಿಷ್ ಚಿತ್ರಕಾರ ಟರ್ನರ್ ವೆನಿಸ್ಸಿಗೆ 1819, 1833, 1840ರಲ್ಲಿ ಬಂದ. ಮೂರೂ ಸೇರಿ ನಾಲ್ಕು ವಾರವೂ ಉಳಿಯಲಿಲ್ಲ. ಫ್ರೆಂಚ್ ಚಿತ್ರಕಾರ ಮೊನೆ 1908ರ ಶರತ್ಕಾಲದಲ್ಲಿ ಬಂದು 37 ಚಿತ್ರ ಶುರುಮಾಡಿ, ಮುಗಿಸಿದ್ದು ಫ್ರಾನ್ಸಿನಲ್ಲಿ. ಇವರಿಗೆ ಕಟ್ಟಡದ ಲೆಕ್ಕ ಒಪ್ಪಿಸಬೇಕಾದ ಸಂಘವಿರಲಿಲ್ಲ. ನೀರಿನ ಮೇಲಿನ ಹವೆಯನ್ನೇ ಬರೆದರು. ಅವರ ವೆನಿಸ್ ಅಕಾಡೆಮಿಯಾದಲ್ಲಿಲ್ಲ. ಆದರೆ ಸೇತುವೆಯ ಆಚೆ ದಡದಲ್ಲಿರುವ ಪಲಾಜ್ಜೊ ಬಾರ್ಬಾರೊದಲ್ಲೇ ಮೊನೆ ಮೊದಲು ಇಳಿದುಕೊಂಡದ್ದು. ಅದರ ಮೆಟ್ಟಿಲಿನಿಂದ ಸಾಲೂತೆ ಚರ್ಚಿನ ಕಡೆ ನೋಡಿ ಬರೆದ. ಸೇತುವೆಯ ಮೇಲಿನಿಂದ ಆ ನೋಟ ಪುಕ್ಕಟೆ ಸಿಗುತ್ತದೆ, ಮಂಜು ಕವಿದ ನವೆಂಬರ್ ಸಂಜೆ ಅದಕ್ಕೆ ತಕ್ಕ ವೇಳೆ.

ಹಾಗಾದರೆ ಈ ಟಿಕೆಟ್ ಯಾರಿಗೆ? ಬೆಲ್ಲೀನಿ, ಕರ್ಪಾಚೊಗಾಗಿ ಒಂದೂವರೆ ಗಂಟೆ ನಿಲ್ಲಬಲ್ಲವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕನಲೆಟ್ಟೊ, ಟರ್ನರ್ ಬೇಕೆನ್ನುವವರು, ಅದರಲ್ಲೂ ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರು, ಅಲ್ಲೇ ನೋಡುವುದು ಲೇಸು. ಕನಲೆಟ್ಟೊನ ದಲ್ಲಾಳಿ ಜೋಸೆಫ್ ಸ್ಮಿತ್ತನ ಸಂಗ್ರಹವನ್ನು 1762ರಲ್ಲಿ ಮೂರನೇ ಜಾರ್ಜ್ ದೊರೆ ಕೊಂಡ. ಅದರಲ್ಲಿ ಕನಲೆಟ್ಟೊನ ಐವತ್ತರಷ್ಟು ಚಿತ್ರಗಳಿದ್ದವು. ರಾಜಮನೆತನದ ಸಂಗ್ರಹಕ್ಕೆ ಟಿಕೆಟ್ ಬೇಕು, ಎಲ್ಲವೂ ಒಟ್ಟಿಗೆ ಕಾಣಸಿಗುವುದೂ ಇಲ್ಲ. ವಾಲೆಸ್ ಕಲೆಕ್ಷನ್ನಿನಲ್ಲಿ ಕನಲೆಟ್ಟೊ, ಗ್ವಾರ್ದಿ ಎದುರುಬದುರು ಹೋಲಿಸಬಹುದು, ಪ್ರವೇಶ ಉಚಿತ. ಟೇಟ್ ಬ್ರಿಟನ್ನಿನ ಟರ್ನರ್ ಕೂಡ ಉಚಿತ. ನ್ಯಾಷನಲ್ ಗ್ಯಾಲರಿಯಲ್ಲಿ ‘ಕಲ್ಲುಕುಟಿಗರ ಅಂಗಳ’ ಎಂಬ ಕನಲೆಟ್ಟೊನ ಅತ್ಯುತ್ತಮ ಚಿತ್ರವಿದೆ, 1725ರ ಸುಮಾರಿನದು. ಕಲ್ಲು ಕೆತ್ತುವವರ ಹಿಂದೆ, ಕಾಲುವೆಯಾಚೆ ನಿಂತಿರುವ ಇಟ್ಟಿಗೆಯ ಚರ್ಚೇ ಇಂದಿನ ಅಕಾಡೆಮಿಯಾ. ಪಕ್ಕದ ಎತ್ತರದ ಘಂಟಾಗೋಪುರ 1744ರಲ್ಲಿ ಕುಸಿಯಿತು. ಸೇತುವೆ ಆಗ ಇರಲೇ ಇಲ್ಲ. ಅಲ್ಲಿ ಮೊದಲನೆಯದು ಕಟ್ಟಿದ್ದು 1854ರಲ್ಲಿ. ಗ್ಯಾಲರಿಗೆ ಹೋಗುವ ಮೊದಲು ಇದನ್ನು ಫೋನಿನಲ್ಲಿ ಇಳಿಸಿಕೊಂಡಿದ್ದರೆ ಒಳ್ಳೆಯದು: ಸೇತುವೆ ದಾಟಿ ಎದುರಿನ ಕಾಂಪೊ ಸಾನ್ ವಿದಾಲ್ ಎಂಬ ಚೌಕಕ್ಕೆ ಹೋಗಿ ತಿರುಗಿ ನಿಂತರೆ, ಅವನು ನೋಡಿದ ದಿಕ್ಕಿಗೇ ನೀವೂ ನೋಡುತ್ತಿರುತ್ತೀರಿ.